ಪ್ರೊಫೆಸರ ಮುಖ ಇಳಿದ ದಿನ

ಆಲ್ಮಾಟಿಯ ನಮ್ಮ ವಠಾರದಲ್ಲಿ ಷೇರು ಪೇಟೆಯ ದರ ತಿಳಿಯಲು ಯಾರೂ ಫೋನು ತೆಗೆಯುತ್ತಿರಲಿಲ್ಲ. ಬೆಳಿಗ್ಗೆ ಸಗಿಂದಿಕ್ ಪ್ರೊಫೆಸರು ಮೆಟ್ಟಿಲಿಳಿದು ಬರುವಾಗ ಅವರ ಮುಖ ನೋಡುತ್ತಿದ್ದರು. ಮುಖ ಅರಳಿದ್ದರೆ ಕೊಳ್ಳುವುದು, ಗಂಟಿಕ್ಕಿದ್ದರೆ ಮಾರುವುದು. ಒಮ್ಮೆ ಹಲ್ಲುನೋವಿಗೆ ಅವರು ಮುಖ ಸಿಂಡರಿಸಿಕೊಂಡಿದ್ದಾಗ ಮೂರನೇ ಮಹಡಿಯವರೆಲ್ಲ ಇದ್ದಬದ್ದ ಷೇರು ಮಾರಿ ಕೈ ಸುಟ್ಟುಕೊಂಡಿದ್ದರು. ಆದರೂ ನಂಬಿಕೆ ಹೋಗಲಿಲ್ಲ. ಅಷ್ಟಕ್ಕೇ ಹೋಗುವುದಾದರೆ ಅದನ್ನು ನಂಬಿಕೆ ಅನ್ನುತ್ತಾರೆಯೇ?

ಪಾಪ, ಅವರ ಸಂಶೋಧನೆಯೇ ಬೇರೆ. ಇಳಿಯುತ್ತಿರುವ ಷೇರನ್ನು ‘ನಾಳೆ ಏರೀತು’ ಎಂದು ಕಟ್ಟಿಕೊಂಡು ಕೂರುವವರೂ, ಮೈಯಲ್ಲಿ ಗಂಟು ಕಂಡರೂ ‘ನಾಳೆ ಕರಗೀತು’ ಎಂದು ವೈದ್ಯರ ಹತ್ತಿರ ಹೋಗದವರೂ ಒಂದೇ ಜಾತಿಯವರು ಎಂದು ಅವರು ವರ್ಷಗಟ್ಟಲೆ ಲೆಕ್ಕ ಹಾಕಿ ತೋರಿಸಿದ್ದರು. ಆ ಲೆಕ್ಕದಿಂದಲೇ ಹುಟ್ಟಿದ ಸೂತ್ರವೊಂದನ್ನು ಕ್ಯಾನ್ಸರ್ ವೈದ್ಯರೂ ಬಳಸುತ್ತಿದ್ದರು. ಎಷ್ಟು ತಡಮಾಡಿ ಬಂದವರು ಎಷ್ಟು ಕಾಲ ಉಳಿಯುತ್ತಾರೆ ಎಂದು ಅದು ಹೇಳುತ್ತಿತ್ತು. ಬೇಗ ಪರೀಕ್ಷೆ ಮಾಡಿಸಿಕೊಳ್ಳಿರಮ್ಮಾ ಎಂದು ಪ್ರೊಫೆಸರು ಊರೂರು ತಿರುಗಿ ಭಾಷಣ ಮಾಡುತ್ತಿದ್ದರೆ, ಮನೆಯಲ್ಲಿ ಹೆಂಡತಿ ಬಾತಿಮಾ “ನನಗೇನಾಗಿದೆ? ಗುಂಡುಕಲ್ಲಿನ ಹಾಗಿದೀನಿ” ಎಂದು ನಕ್ಕು ರೊಟ್ಟಿ ಲಟ್ಟಿಸುತ್ತಿದ್ದಳು. ದೀಪದ ಬುಡದಲ್ಲಿ ಕತ್ತಲೆ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಕೊನೆಗೊಂದು ದಿನ ಪ್ರೊಫೆಸರೇ ಅವಳನ್ನು ಕೈಹಿಡಿದು ಎಳೆದುಕೊಂಡು ಹೋಗಿ ಪರೀಕ್ಷೆ ಮಾಡಿಸಿದ್ದರು.

ಅದರ ಮುಂದಿನ ಶುಕ್ರವಾರ ಬೆಳಿಗ್ಗೆ ವೈದ್ಯೆ ಮೆರುಯೆರ್ತ್ ಪ್ರೊಫೆಸರನ್ನು ಮಾತ್ರ ಕರೆಸಿಕೊಂಡಳು. ನಮ್ಮಲ್ಲಿ ಕೆಟ್ಟ ಸುದ್ದಿಯನ್ನು ರೋಗಿಗೆ ಹೇಳುವ ಪದ್ಧತಿಯಿಲ್ಲ. ಮನೆಯವರಿಗೆ ಹೇಳುತ್ತಾರೆ. ಅದನ್ನು ಹೊತ್ತುಕೊಂಡು ತಿರುಗುವುದು ಅವರ ಪಾಡು.

“ತುಂಬಾ ತಡವಾಗಿದೆ ಸಾರ್” ಅಂದಳು ಮೆರುಯೆರ್ತ್.

“ಇನ್ನೆಷ್ಟು ದಿನ?”

“ನಿಮ್ಮದೇ ಸೂತ್ರ ಹಾಕಿ ನೋಡ್ದೆ.” ಅವಳು ಮೇಜು ನೋಡತೊಡಗಿದಳು. “ನನ್ನ ಬಾಯಲ್ಲಿ ಯಾಕೆ ಹೇಳಿಸ್ತೀರಿ?”

ಆ ಸೂತ್ರ ಬರೆದು ಮುಗಿಸಿದ ದಿನ ಸಗಿಂದಿಕ್ ಕುರಿ ಕಡಿಸಿ ವಠಾರಕ್ಕೆಲ್ಲ ಊಟ ಹಾಕಿಸಿದ್ದರು. ಅದು ನೆನಪಾಗಿ ಅವರಿಗೆ ತಮ್ಮ ಮೇಲೇ ಹೇಸಿಗೆಯಾಯಿತು.

“ಭಾನುವಾರ ಮಗಳು ಬರ್ತಾಳೆ. ಮೊಮ್ಮಗನನ್ನ ತೊಟ್ಟಿಲಿಗೆ ಹಾಕೋ ಶಾಸ್ತ್ರ. ಹಾಕಬೇಕಾದವಳು ಅಜ್ಜಿ. ಅದೊಂದು ನಗನಗ್ತಾ ಮಾಡ್ಲಿ ಕಣಮ್ಮ. ಅಲ್ಲೀವರೆಗೆ ಅವಳಿಗೆ ತಿಳಿಯೋದು ಬೇಡ.”

“ನಿಮ್ಮ ಮುಖವೇ ಹೇಳಿಬಿಡತ್ತಲ್ಲ ಸಾರ್!”

“ಮುಖ ನಾನು ನೋಡ್ಕೋತೀನಿ.”

ತಮ್ಮ ಮುಖವನ್ನು ತಾವು ನೋಡಿಕೊಳ್ಳುವುದು ಯಾರಿಂದಾದೀತು? ನೋಡಿದ್ದು ವಠಾರ. ಅಂಗಳದಲ್ಲಿ ಜಮಖಾನೆ ಬಡಿಯುತ್ತಿದ್ದ ಎದುರು ಮನೆಯಾಕೆ ಉಮ್ಸಿನ್‌ಳ ಕೈಯಲ್ಲಿ ಕೋಲು ಹಾಗೇ ನಿಂತಿತು. ತನ್ನ ಹಳೇ ಕಾರಿನಡಿ ಮಲಗಿದ್ದ ಗೆನ್ನಾದಿ ತಲೆ ಹೊರಗೆ ಹಾಕಿದ.

“ಪ್ರೊಫೆಸರ ಮುಖ ನೋಡಿದ್ಯೇನೋ?”

“ನೋಡ್ದೆ. ತಾಮ್ರದ ಕತೆ ಮುಗೀತು.”

ವಠಾರದ ಮುಕ್ಕಾಲು ಮಂದಿ ಒಂದು ತಾಮ್ರದ ಕಂಪನಿಯ ಷೇರು ಇಟ್ಟುಕೊಂಡಿದ್ದರು. ಪ್ರೊಫೆಸರು ಗಾಬರಿಯಿಂದ, “ತಾಮ್ರಕ್ಕೇನೂ ಆಗಿಲ್ಲ ಮಾರಾಯ್ರೆ!” ಎಂದು ಹರಳೆಣ್ಣೆ ಕುಡಿದವರಂತೆ ನಕ್ಕರು.

“ಕೇಳಿದ್ಯಾ? ಕೇಳೋಕೆ ಮುಂಚೆನೇ ಏನೂ ಆಗಿಲ್ಲ ಅಂತಿದಾರೆ. ಅಂದ್ರೆ ಸರಿಯಾಗೇ ಆಗಿದೆ” ಅಂದ ಗೆನ್ನಾದಿ. “ನನ್ನ ಷೇರಿನ ಗತಿ ಏನು ಸಾರ್, ಅದೊಂದು ಹೇಳಿ.”

“ಎಷ್ಟು ಸಲ ಹೇಳೋದೋ? ಸಾವಿರ ಜನ ಏನು ಮಾಡ್ತಾರೆ ಅಂತ ನನ್ನ ಲೆಕ್ಕ ಹೇಳತ್ತೆ. ಒಬ್ಬನ ಗತಿ ಹೇಳಲ್ಲ.”

ಉಮ್ಸಿನ್ ಬಿಡುವ ಪೈಕಿಯಲ್ಲ. ಚಹಾ ಕುಡಿದು ಹೋಗಿ ಎಂದು ಮನೆಗೆ ಎಳೆದೊಯ್ದಳು. ನಮ್ಮಲ್ಲಿ ಬಟ್ಟಲಿಗೆ ಎರಡು ಗುಟುಕು ಚಹಾ ಹಾಕಿಕೊಟ್ಟರೆ ‘ಕೂತಿರಿ, ಮತ್ತೆ ಮತ್ತೆ ಹಾಕುತ್ತೇವೆ’ ಎಂದು ಅರ್ಥ. ಅಂಚಿನವರೆಗೆ ತುಂಬಿಸಿದರೆ ‘ಕುಡಿದು ಎದ್ದು ನಡೆಯಿರಿ’ ಎಂದು. ಎರಡೆರಡು ಗುಟುಕು ಹಾಕುತ್ತ ಕೆದಕಿದರೂ ಪ್ರೊಫೆಸರು ಬಾಯಿ ಬಿಡದಿದ್ದಾಗ ಉಮ್ಸಿನ್ ಸಿಟ್ಟಿನಿಂದ ಬಟ್ಟಲು ತುಂಬಿಸಿ ಕುಕ್ಕಿದಳು.

“ಹೇಳ್ಬೇಡಿ. ನಾನು ಬಾತಿಮಾನ್ನೇ ಕೇಳ್ತೀನಿ, ಗಂಡನ ಮುಖ ಯಾಕೆ ಹೆಣದ ಹಾಗಿದೆ ಅಂತ.”

ಪ್ರೊಫೆಸರು ದಡಬಡಿಸಿ ಎದ್ದರು. “ಬೇಡ ತಾಯಿ! ಅವಳನ್ನ ಕೇಳ್ಬೇಡ. ತಾಮ್ರ ಬೀಳತ್ತೆ. ಅದಕ್ಕೇ ಬೇಜಾರು.”

ಇಷ್ಟು ಸಾಕಾಯಿತು. ಉಮ್ಸಿನ್ ಕಿಟಕಿ ತೆರೆದು ಕೂಗಿದಳು. ವಠಾರ ಮಾರಿತು. ಪಕ್ಕದ ವಠಾರವೂ ಮಾರಿತು. ಇಂಥ ಗುಂಪಿನ ಓಟವನ್ನು ಜೀವಮಾನವೆಲ್ಲ ದೂರದಿಂದ ಅಳೆದವರು, ಈಗ ಅದಕ್ಕೆ ತಾವೇ ಕಿಡಿ ಹಚ್ಚಿ ಮನೆಗೆ ಹೋಗಿ ಊಟಕ್ಕೆ ಕೂತರು. ನಗಬೇಕೆಂದು ಹಳೇ ನಗೆಹನಿಗಳನ್ನೆಲ್ಲ ಹೇಳಿದರು. ಬೆಶ್ಬರ್ಮಾಕ್ ಎಂಬ ನಮ್ಮ ಮಾಂಸದಡುಗೆಯ ಒಳ್ಳೆಯ ತುಂಡುಗಳನ್ನು ಆರಿಸಿ ಆರಿಸಿ ಬಾತಿಮಾಳ ಕಡೆ ಸರಿಸಿದರು. ಅವಳೂ ನಕ್ಕಳು, ತಿಂದಳು. ಗೆದ್ದೆ ಅಂದುಕೊಂಡರು ಪಾಪ.

ಸಂಜೆ ತಾಮ್ರದ ಕಂಪನಿ ಹೊಸ ಗಣಿ ಸಿಕ್ಕಿತೆಂದು ಸಾರಿತು. ದರ ಆಕಾಶಕ್ಕೇರಿತು. ವಠಾರ ಮೆಟ್ಟಿಲೇರಿತು.

“ನಮ್ಮನ್ನ ಮುಳುಗಿಸಿಬಿಟ್ರಲ್ಲ ಸಾರ್!” ಎಂದು ಬಾಗಿಲಲ್ಲಿ ಗೆನ್ನಾದಿ ಅರಚಿದ.

“ಇವರ ಮುಖ ನಂಬಿ ಸೊಸೆಗೆ ಒಡವೆ ಮಾಡಿಸೋ ದುಡ್ಡೇ ಹೋಯ್ತು!” ಎಂದು ಉಮ್ಸಿನ್ ಎದೆ ಬಡಿದುಕೊಂಡಳು.

ಪ್ರೊಫೆಸರು ತಲೆ ತಗ್ಗಿಸಿ ನಿಂತರು. ಒಳಗೊಳಗೇ ಅವರಿಗೆ ಸಮಾಧಾನವೇ ಆಗಿತ್ತು. ಎಲ್ಲರೂ ತಾಮ್ರಕ್ಕಾಗಿ ಬೈಯುತ್ತಿರುವ ತನಕ ಗುಟ್ಟಿಗೆ ಅಪಾಯವಿಲ್ಲ. ಇನ್ನೂ ಬೈಯಲಿ, ಭಾನುವಾರದವರೆಗೂ ಬೈಯಲಿ ಅನ್ನಿಸಿತು.

ಆಗ ಬಾತಿಮಾ ಸೆರಗಿನಂತಿದ್ದ ತಲೆವಸ್ತ್ರ ಸರಿಮಾಡಿಕೊಳ್ಳುತ್ತ ಮುಂದೆ ಬಂದಳು. “ಸಾಕು ನಿಲ್ಲಿಸ್ರೋ. ನೀವೆಲ್ಲ ಮಾರಿ ದರ ಇಳಿಸಿದ ಮೇಲೆ ನಾನು ಕೊಂಡೆ. ಆ ಲಾಭದಲ್ಲಿ ಭಾನುವಾರ ನಿಮಗೆಲ್ಲ ಊಟ. ಕುದುರೆ ಮಾಂಸವೇ ಹಾಕಿಸ್ತೀನಿ. ಈಗ ನಡೀರಿ.”

ಕುದುರೆ ಮಾಂಸದ ಮುಂದೆ ಸಿಟ್ಟು ಎಷ್ಟು ಹೊತ್ತು ನಿಂತೀತು? ಎಲ್ಲರೂ ಗೊಣಗುತ್ತ ಇಳಿದು ಹೋದರು. ಪ್ರೊಫೆಸರು ಬಾಗಿಲು ಹಾಕಿದರು.

“ತಾಮ್ರ ಬೀಳತ್ತೆ ಅಂತ ನಾನು ಹೇಳಿದ್ದು ನಿನಗೆ ಗೊತ್ತಿರಲಿಲ್ವಾ?”

“ಉಮ್ಸಿನ್ ಕೂಗಿದ್ದು ಗುಡ್ಡದ ಮೇಲಿನ ಕುರಿಗಳಿಗೂ ಕೇಳಿಸಿದೆ.”

“ಮತ್ಯಾಕೆ ಕೊಂಡೆ?”

ಬಾತಿಮಾ ಚಹಾದ ಪಾತ್ರೆ ತಂದಿಟ್ಟು ಕೂತಳು. “ರೀ, ಪೇಟೆ ಬಿದ್ದ ದಿನ ನೀವು ಎರಡು ಪಟ್ಟು ತಿಂತೀರಿ, ನಿಮ್ಮ ಲೆಕ್ಕ ಸರಿಯಾಯ್ತಲ್ಲ ಅನ್ನೋ ಖುಷಿಗೆ. ಇವತ್ತು ಮಾಂಸ ಮುಟ್ಟಲಿಲ್ಲ. ಎಲ್ಲಾ ನನ್ನ ಕಡೆ ತಳ್ತಾ ಇದ್ರಿ. ಬಿದ್ದಿರೋದು ತಾಮ್ರ ಅಲ್ಲ ಅಂತ ಆಗಲೇ ಗೊತ್ತಾಯ್ತು. ತಾಮ್ರ ಅಲ್ಲದಿದ್ರೆ ಮತ್ತೆ ಯಾಕೆ ಬಿಡಬೇಕು? ಅಗ್ಗಕ್ಕೆ ಸಿಗ್ತಿತ್ತು, ತೊಗೊಂಡೆ. ತೊಟ್ಟಿಲ ಖರ್ಚಿಗಾಯ್ತು.”

ಪ್ರೊಫೆಸರು ಅವಳೆದುರಿಗೆ ಕೂತರು. ಇಷ್ಟು ಜನ ಆ ಮುಖ ಓದಿದ್ದರು. ಸರಿಯಾಗಿ ಓದಿದವಳು, ಓದಬಾರದಿದ್ದವಳೊಬ್ಬಳೇ.

“ನೀವು ಭಾಷಣದಲ್ಲಿ ಹೇಳ್ತಿದ್ರಲ್ಲ, ನಾಳೆ ಕರಗೀತು ಅಂತ ಕೂರೋ ಜಾತಿ, ನಾನೂ ಅದೇ” ಅಂದಳು ಬಾತಿಮಾ. “ಗಂಟು ಬೇಸಿಗೆಯಲ್ಲೇ ಕೈಗೆ ತಾಗಿತ್ತು. ನಿಮಗೆ ಹೇಳೋಕೆ ಹೆದರಿಕೆ ಆಯ್ತು. ಎಷ್ಟು ದಿನ ಅಂತೆ?”

“ಲೆಕ್ಕ ಸಾವಿರ ಜನಕ್ಕೆ ಕಣೇ. ಒಬ್ಬರಿಗೆ ಹೇಳಲ್ಲ.”

ಗೆನ್ನಾದಿ ಎಂದೂ ನಂಬದ ಮಾತು ಅದು. ಈಗ ಹೇಳಿದವರಿಗೂ ನಂಬಿಕೆ ಬರಲಿಲ್ಲ.

ಅವಳು ಚಹಾ ಬಗ್ಗಿಸಲು ಕೈ ಚಾಚಿದಳು. “ಇರು, ಇವತ್ತು ನಾನು ಹಾಕ್ತೀನಿ” ಎಂದು ಪ್ರೊಫೆಸರು ಪಾತ್ರೆ ಕಿತ್ತುಕೊಂಡರು. ಎರಡೇ ಗುಟುಕು ಹಾಕಬೇಕು, ಕೂತಿರು, ಇನ್ನೂ ಬಹಳ ಹೊತ್ತು ಕೂತಿರು ಎಂದು ಹೇಳಬೇಕು. ಆದರೆ ಹುಟ್ಟಿದಾಗಿನಿಂದ ಒಮ್ಮೆಯೂ ಚಹಾ ಬಗ್ಗಿಸದ ಕೈ ಅದು. ಸಾಲದ್ದಕ್ಕೆ ಕಣ್ಣಿಗೆ ನೀರು ಬಂದು ಬಟ್ಟಲೂ ಕಾಣಲಿಲ್ಲ. ಚಹಾ ಅಂಚಿನವರೆಗೆ ತುಂಬಿ ಮೇಜಿನ ಮೇಲೆ ಹರಿಯಿತು.

ಬಾತಿಮಾ ತುಂಬಿದ ಬಟ್ಟಲನ್ನು ನೋಡಿದಳು. ಗಂಡನನ್ನು ನೋಡಿದಳು. ಅವಳಿಗೆ ನಗು ತಡೆಯಲಾಗಲಿಲ್ಲ.

“ಅಯ್ಯೋ, ಕಳಿಸೋಕೆ ಅಷ್ಟು ಅವಸರನಾ ನಿಮಗೆ?”

ಅಂದವಳು ಬಟ್ಟಲೆತ್ತಿ, ತಳದಲ್ಲಿ ಎರಡು ಗುಟುಕು ಉಳಿಸಿಕೊಂಡು, ಮಿಕ್ಕಿದ್ದನ್ನೆಲ್ಲ ಪಾತ್ರೆಗೆ ವಾಪಸು ಸುರಿದಳು.