ಭರಮಣ್ಣನ ಎದೆ ಪಾಸಾಯಿತು

ಹೋದ ವರ್ಷ ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡ ಮೇಲೆ ಖಾನಾಪುರದ ಭರಮಣ್ಣನನ್ನು ಮನೆಯವರು ಉಪ್ಪಿನಕಾಯಿ ಭರಣಿಯ ಹಾಗೆ ನೋಡಿಕೊಳ್ಳುತ್ತಿದ್ದರು. ಅಂಥವನಿಗೆ ನಾಳೆ ವಿಮಾನ! ಹೈದರಾಬಾದಿನಲ್ಲಿ ತಂಗಿಯ ಮಗಳ ಮದುವೆ. ವಡಗಾವಿಯ ಭಾವಮೈದುನ ಬಾಳಪ್ಪ ಟಿಕೆಟ್ ತೆಗೆಸಿದ್ದ. ಚಿಕ್ಕಂದಿನಿಂದ ಹಾರುವ ವಿಮಾನಕ್ಕೆಲ್ಲ ಕೈಬೀಸುತ್ತ ಬಂದ ಭರಮಣ್ಣನಿಗೆ ಒಮ್ಮೆ ಅದರೊಳಗೆ ಕೂರಬೇಕೆಂಬುದೊಂದೇ ಆಸೆ. ಹೆಂಡತಿ ಮಾಯವ್ವನಿಗೆ ಮಾತ್ರ ಭಯ.

"ಅಷ್ಟ ಮ್ಯಾಲ ಹೋದ್ರ ಎದಿ ತಡೀತೈತೇನ್ರಿ? ಡಾಕ್ಟರನ್ನ ಕೇಳೂಣು."

ಬೆಳಿಗ್ಗೆಯೇ ಬಸ್ಸು ಹಿಡಿದು ಬೆಳಗಾವಿಯ ಶಿವಬಸವ ನಗರಕ್ಕೆ ಬಂದರು. ಡಾಕ್ಟರು ಅವನನ್ನು ದವಾಖಾನೆಯ ಮೆಟ್ಟಿಲು ಹತ್ತಿಸಿ, ನಾಡಿ ಹಿಡಿದು ನಕ್ಕರು.

"ಒಂದ ಮಾಳಿಗಿ ದಮ್ಮ ಹತ್ತದಂಗ ಏರೀರಿ. ಆರಾಮ ಹೋಗ್ರಿ. ಗುಳಿಗಿ ಮಾತ್ರ ಕೈಚೀಲದಾಗ ಇರಲಿ. ನೀರ ಕುಡೀರಿ, ಕಾಲ ಆಡಸ್ಕೋತ ಕುಂದರ್ರಿ."

ತಿರುಗಿ ಬರುವಾಗ ಮಾಯವ್ವ ಬಸ್ಸಿನಿಂದಲೇ ಫೋನಿನಲ್ಲಿ ಸುದ್ದಿ ಹಂಚಿದ್ದಳು. ಓಣಿಗೆ ನೀರು ಬಿಡುವ ಗುರುಪುತ್ರಪ್ಪ ಅವರ ಮನೆಯ ಕಟ್ಟೆಯ ಮೇಲೆ ಕೂತು ಕಾಯುತ್ತಿದ್ದ.

"ಒಂದ ಮಾಳಿಗಿ? ವಿಮಾನ ಏನ ಒಂದ ಮಾಳಿಗಿ ಎತ್ತರ ಹಾರತೈತೇನ್ರಿ ಅಕ್ಕಾರ?"

ಮಾಯವ್ವನ ಮುಖ ಬಿಳಿಚಿಕೊಂಡಿತು. ಇದು ಡಾಕ್ಟರಿಗೆ ಯಾಕೆ ಹೊಳೆಯಲಿಲ್ಲ? ಭರಮಣ್ಣ ಸಿಟ್ಟಿನಿಂದ ಎದುರುಮನೆಯ ಮೂರು ಅಂತಸ್ತು ಏರಿ ತೋರಿಸಿದ. ಅದೂ ಸಾಲದಾಯಿತು.

"ನೀರಿನ ಟಾಕಿ ಕೀಲಿಕೈ ನನ್ನ ಕಡೆ ಐತಿ. ಊರಾಗ ಅದಕ್ಕಿಂತ ಎತ್ತರ ಯಾವದೈತ್ರಿ?" ಎಂದ ಗುರುಪುತ್ರಪ್ಪ.

ಓಣಿಯ ಮಂದಿಯೆಲ್ಲ ಟಾಕಿಯ ಬುಡದಲ್ಲಿ ನೆರೆದರು. ಭರಮಣ್ಣ ಹಟಕ್ಕೆ ಬಿದ್ದು, ನಡುನಡುವೆ ನಿಂತು, ಗುರುಪುತ್ರಪ್ಪನ ಹಿಂದೆ ಸುರುಳಿ ಮೆಟ್ಟಿಲು ಏರಿದ. ತುದಿಯಲ್ಲಿ ಗುರುಪುತ್ರಪ್ಪ ಅವನ ಎದೆಗೆ ಕಿವಿಯಿಟ್ಟು ಕೂಗಿದ: "ದಮ್ಮ ಹತ್ತಿಲ್ರೀ! ಪಾಸ!"

ಕೆಳಗೆ ಚಪ್ಪಾಳೆ. ಭರಮಣ್ಣ ಖುಷಿಯಿಂದ ಮೊದಲ ಸಲ ಕೆಳಗೆ ನೋಡಿದ. ಮಾಯವ್ವ ಜೋಳದ ಕಾಳಿನಷ್ಟಿದ್ದಳು. ಅವನು ತಟ್ಟನೆ ಅಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟ. ಇಷ್ಟಕ್ಕೇ ಹೀಗಾದರೆ ಮೋಡದ ಮೇಲೆ ಗತಿಯೇನು? ಕಣ್ಣು ಮುಚ್ಚಿ ಕಂಬಿ ತಬ್ಬಿಕೊಂಡವನನ್ನು ಗುರುಪುತ್ರಪ್ಪ ಒಂದೊಂದೇ ಬೆರಳು ಬಿಡಿಸಿ ಇಳಿಸಬೇಕಾಯಿತು.

ನೆಲ ಮುಟ್ಟಿದವನೇ, "ವಿಮಾನ ಬ್ಯಾಡ, ರೈಲಿಗೆ ಹೋಗೂಣು. ಎದಿ ಯಾಕೋ ಡವಡವ ಅನ್ನಾಕತ್ತೈತಿ," ಎಂದ.

"ಸುಮ್ನಿರ್ರಿ! ಟಾಕಿ ಏರಿದ ಎದಿ ಅದು. ಇಡೀ ಓಣಿ ನೋಡೈತಿ," ಎಂದು ಮಾಯವ್ವ ನಗುತ್ತ ಫೋನನ್ನು ಅವನ ಕಿವಿಗೆ ಹಿಡಿದಳು. ಅತ್ತಲಿಂದ ಬಾಳಪ್ಪ ಸಂಭ್ರಮದಲ್ಲಿ ಕೂಗುತ್ತಿದ್ದ:

"ಮಾಮಾ, ನಿಮಗ ಕಿಟಕಿ ಬಾಜೂ ಸೀಟ ಮಾಡಿಸೇನ್ರಿ! ಕೆಳಗಿನದೆಲ್ಲಾ ಛಲೋ ಕಾಣತೈತಿ!"