ಒಂದು ಕೊಂಬೆ ಕೇಳಿದ್ದಕ್ಕೆ ಆರು ಮರ

ಮರದ ವಿಷಯದಲ್ಲಿ ನನಗೆ ಯಾರೂ ಬುದ್ಧಿ ಹೇಳಬೇಕಾಗಿಲ್ಲ ಎಂಬ ನಂಬಿಕೆ ಮೂವತ್ತೆಂಟನೇ ವಯಸ್ಸಿನವರೆಗೂ ನನ್ನಲ್ಲಿ ಗಟ್ಟಿಯಾಗಿತ್ತು. ರೈತರ ಮನೆಯಲ್ಲಿ ಹುಟ್ಟಿದವನು ನಾನು. ಹುಣಸೆ ಮರ ಹತ್ತಿ ಬಿದ್ದಿದ್ದೇನೆ. ಬೇವಿನ ಮರ ಹತ್ತಿ ಬಿದ್ದಿದ್ದೇನೆ. ಒಮ್ಮೆ ಸೀಬೆ ಗಿಡದಿಂದಲೂ ಬಿದ್ದಿದ್ದೇನೆ. ಇಷ್ಟು ಅನುಭವ ಸಾಲದೆ? ಆದ್ದರಿಂದ ಏಲಿಯಮ್ಮ ಸಿಸ್ಟರ್ ಅವರ ಕ್ರಿಸ್‌ಮಸ್ ಹಬ್ಬಕ್ಕೆ ಮರ ಬೇಕು ಎಂಬ ಮಾತು ಬಂದಾಗ, "ಅದೊಂದು ನನಗೆ ಬಿಡಿ" ಎಂದುಬಿಟ್ಟೆ.

ಇದು ತೊಂಬತ್ತರ ದಶಕದ ನಡುವಿನ ಮಾತು. ಆಗ ನಾನು ಗುಂಡ್ಲುಪೇಟೆಯ ಒಂದು ಕಚೇರಿಯಲ್ಲಿ ಗುಮಾಸ್ತ. ಅಪ್ಪ ಕಟ್ಟಿಸಿದ್ದ ತಾರಸಿ ಮನೆಯಲ್ಲಿ ಅವ್ವ, ಹೆಂಡತಿ ನಾಗರತ್ನ ಮತ್ತು ನಾನು ಇದ್ದೆವು; ಮಗಳು ಇನ್ನೂ ಹುಟ್ಟಿರಲಿಲ್ಲ. ಏಲಿಯಮ್ಮ ನಮ್ಮ ಹಿಂದಿನ ಬೀದಿಯಲ್ಲಿದ್ದ ನರ್ಸ್. ಊರು ವಯನಾಡಿನ ಕಡೆ. ಗಂಡ ಕೊಲ್ಲಿ ದೇಶದಲ್ಲಿ, ಇಬ್ಬರು ಹೆಣ್ಣುಮಕ್ಕಳು ಊರಿನಲ್ಲಿ ಅಜ್ಜಿಯ ಜೊತೆ, ಈಕೆ ಇಲ್ಲಿ ಒಂಟಿ ರೂಮಿನಲ್ಲಿ.

ಆ ವರ್ಷ ಅವ್ವ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಿದ್ದಳು. ಆಪರೇಷನ್ ಆದರೂ ಎದ್ದು ನಿಲ್ಲಲು ಹೆದರಿ ಹಾಸಿಗೆ ಹಿಡಿದಳು. ಏಲಿಯಮ್ಮ ದಿನಾ ಸಂಜೆ ಡ್ಯೂಟಿ ಮುಗಿಸಿ ನೇರ ನಮ್ಮ ಮನೆಗೆ ಬರುತ್ತಿದ್ದರು. ಅವ್ವನ ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿ, "ಒನ್ನ್... ರಂಡ್... ಮೂನ್..." ಎಂದು ಎಣಿಸುತ್ತಾ ನಡೆಸುತ್ತಿದ್ದರು. ಹೀಗೆ ನಾಲ್ಕು ತಿಂಗಳು! ಒಂದು ಲೋಟ ಕಾಫಿ ಬಿಟ್ಟರೆ ಏನನ್ನೂ ಮುಟ್ಟಿದವರಲ್ಲ. ಕೊನೆಗೆ ಅವ್ವ ನಡೆದಳು. ಅಷ್ಟೇ ಅಲ್ಲ, ಮಲೆಯಾಳದಲ್ಲಿ ನೂರರವರೆಗೆ ಎಣಿಸುವುದನ್ನೂ ಕಲಿತಳು.

ಆ ಡಿಸೆಂಬರಿನಲ್ಲಿ ಏಲಿಯಮ್ಮನಿಗೆ ರಜೆ ಸಿಗಲಿಲ್ಲ. ಎಸ್‌ಟಿಡಿ ಬೂತಿನಿಂದ ಊರಿಗೆ ಫೋನು ಮಾಡಿದರೆ ಚಿಕ್ಕ ಮಗಳು ಜಿನ್ಸಿ, ಅಮ್ಮನೂ ಇಲ್ಲ, ಮರವೂ ಇಲ್ಲ ಎಂದರೆ ಅದೆಂಥ ಕ್ರಿಸ್‌ಮಸ್ ಎಂದು ಅತ್ತಿತಂತೆ. ಅಜ್ಜಿಯೇ ಮಕ್ಕಳನ್ನು ಕರೆದುಕೊಂಡು ಇಲ್ಲಿಗೆ ಬರುವುದೆಂದು ತೀರ್ಮಾನವಾಯಿತು. ಸಿಸ್ಟರ್ ಇದನ್ನು ಹೇಳಿ ಕಣ್ಣೊರೆಸಿಕೊಂಡಾಗ ಅವ್ವ ಕೋಲು ಕುಟ್ಟಿ ಎದ್ದು ನಿಂತಳು.

"ನನ್ಗೆ ಕಾಲು ಕೊಟ್ಟವ್ಳು ಕಣ್ಲಾ ಇವ್ಳು. ಇವಳ ಮಕ್ಳು ಬಂದು ಆ ಬೆಂಕಿಪೊಟ್ಣದಂಗಿರೋ ರೂಮಲ್ಲಿ ಮುದುರ್ಕಂಡು ಕೂತ್ಕಬೇಕಾ? ಹಬ್ಬ ನಮ್ಮನೇಲೇ ಆಗ್ಲಿ!"

"ಮರಕ್ಕೆ ಕಷ್ಟಪಡಬೇಡಿ ಸಾರೇ" ಎಂದರು ಸಿಸ್ಟರ್, "ಒಂದು ಸಣ್ಣ ಕೊಂಬೆ ಮದಿ. ಸಾಕು."

ಸಣ್ಣ ಕೊಂಬೆ! ನಾಲ್ಕು ತಿಂಗಳ ಋಣಕ್ಕೆ ಸಣ್ಣ ಕೊಂಬೆಯೆ? ನನ್ನ ಸ್ವಾಭಿಮಾನಕ್ಕೆ ಪೆಟ್ಟು ಬಿತ್ತು.

ಕಚೇರಿಯ ಪದ್ಧತಿಯಂತೆ ಯಾವುದೇ ಸಾಮಗ್ರಿ ಬೇಕಾದರೂ ಮೂರು ಕಡೆ ವಿಚಾರಿಸಬೇಕು. ಮೂವರಿಗೆ ಹೇಳಿದರೆ ಒಬ್ಬ ಮರೆಯುತ್ತಾನೆ, ಒಬ್ಬ ನೆಪ ಹೇಳುತ್ತಾನೆ, ಒಬ್ಬ ತರುತ್ತಾನೆ. ಇದು ನನ್ನ ಸೇವಾನುಭವ. ಸದರಿ ಅನುಭವದ ಮೇರೆಗೆ ಉಮ್ಮತ್ತೂರಿನಲ್ಲಿದ್ದ ಹೆಂಡತಿಯ ತಮ್ಮ ಶಿವಮಲ್ಲುವಿಗೆ ಒಂದು ಸರ್ವೆ ಗಿಡ ತರಲು ಹೇಳಿದೆ. ಊಟಿಯಿಂದ ಕ್ಯಾರೆಟ್ ತರುವ ಲಾರಿ ಡ್ರೈವರ್, ನನ್ನ ಬಾಲ್ಯದ ಗೆಳೆಯ ಸಿದ್ದರಾಜುವಿಗೆ ಅಲ್ಲಿನ ನರ್ಸರಿಯಿಂದ ಒಂದು ಗಿಡ ತರಲು ಹೇಳಿದೆ. ನಮ್ಮ ಕಚೇರಿಯ ಅಟೆಂಡರ್ ಮಾದಪ್ಪನಿಗೆ ಅವನ ಹೊಲದ ಬದುವಿನ ಸಿಲ್ವರ್ ಓಕ್ ಒಂದನ್ನು ಕಡಿದು ತರಲು ಹೇಳಿದೆ. ಈ ವಿಷಯವನ್ನು ನಾಗರತ್ನಳಿಗೆ ತಿಳಿಸಲಿಲ್ಲ. ಅವಳಿಗೆ ಆಡಳಿತ ಅರ್ಥವಾಗುವುದಿಲ್ಲ.

ಇಪ್ಪತ್ತನಾಲ್ಕನೇ ತಾರೀಖು ಬೆಳಿಗ್ಗೆ ಎಂಟಕ್ಕೆ ಶಿವಮಲ್ಲು ಬಂದ. ಬಸ್ಸಿನ ಟಾಪಿನಿಂದ ಇಳಿಸಿ ಗಾಡಿಗೆ ಹೇರಿಸಿಕೊಂಡು ಬಂದಿದ್ದ. ಒಂದಲ್ಲ, ನಾಲ್ಕು ಸರ್ವೆ ಗಿಡ!

"ಒಂದು ತಾರಪ್ಪ ಅಂದ್ರೆ ನಾಕು ತಂದಿದೀಯಲ್ಲೋ!"

"ಇರ್ಲಿ ಬುಡಿ ಭಾವ. ನಿಮ್ಮನೇಲಿ ರೂಮು ಬೇಜಾನ್ ಅವಲ್ಲ. ಒಂದ್ರಲ್ಲಿ ಮಡಗಿ ಇನ್ನೊಂದ್ರಲ್ಲಿ ಮಡಗದಿದ್ರೆ ಚೆಂದಾಗಿರ್ತದಾ?"

ಒಂಬತ್ತಕ್ಕೆ ಸಿದ್ದರಾಜು ಲಾರಿ ನಿಲ್ಲಿಸಿ ಹಾರನ್ ಹೊಡೆದ. ಕ್ಯಾರೆಟ್ ಮೂಟೆಗಳ ನಡುವಿನಿಂದ ಕುಂಡದ ಸಮೇತ ಒಂದು ಗಿಡ ಇಳಿಯಿತು. "ನೋಡ್ಲಾ, ಮಗೀನಂಗೆ ತಂದಿವ್ನಿ. ಘಾಟಲ್ಲಿ ಒಂದ್ ಎಲೆ ಉದುರ್ನಿಲ್ಲ ಕಣ್ಲಾ!" ಎಂದು ಎದೆ ತಟ್ಟಿಕೊಂಡ. ಹತ್ತಕ್ಕೆ ಮಾದಪ್ಪ ಬಂದ. ಹೆಗಲ ಮೇಲೆ ಹನ್ನೆರಡು ಅಡಿಯ ಸಿಲ್ವರ್ ಓಕ್. ಜೀವಮಾನದಲ್ಲಿ ಹೇಳಿದ ದಿನ ಹೇಳಿದ ಕೆಲಸ ಮಾಡದ ಮಾದಪ್ಪ ಅಂದೇ ಮಾಡಬೇಕೆ!

ನಾಗರತ್ನ ಹೊಸಿಲ ಮೇಲೆ ನಿಂತು ಎಣಿಸಿದಳು.

"ಆರು! ಏನೂಂದ್ರೆ, ಇದು ಮನೆಯಾ, ಬಂಡೀಪುರದ ಕಾಡಾ?"

ಎದುರುಮನೆಯವರು ಅಲ್ಲಿಂದಲೇ ಕೂಗಿ ಹೇಳಿದರು: "ಬಾಗ್ಲು ಹಾಕ್ಕಳಿ ಸ್ವಾಮಿ, ಆನೆ ನುಗ್ಬುಟ್ಟಾತು!"

ನಾನು ವಿಚಲಿತನಾಗಲಿಲ್ಲ. ಜಗುಲಿ, ನಡುಮನೆ, ಎರಡು ರೂಮು, ಅಡುಗೆಮನೆ, ದೇವರಮನೆ. ಒಟ್ಟು ಆರು. ಮರ ಆರು. ಲೆಕ್ಕ ತಾಳೆಯಾಯಿತು! ಕೋಣೆಗೊಂದು ಮರ ಎಂದು ಆದೇಶ ಹೊರಡಿಸಿದೆ.

ಮೊದಲ ತೊಡಕು ಸಿಲ್ವರ್ ಓಕ್‌ನದು. ನಡುಮನೆಯ ಎತ್ತರ ಒಂಬತ್ತೂವರೆ ಅಡಿ. ಹೆಚ್ಚುವರಿ ಎರಡೂವರೆ ಅಡಿ ತೆಗೆಯಬೇಕು. ಬುಡದಲ್ಲಿ ಕೊಯ್ಯಲು ಕಾಂಡ ದಪ್ಪ, ತುದಿಯಲ್ಲಿ ತೆಳ್ಳಗೆ. ಬುದ್ಧಿವಂತನಾದವನು ಎಲ್ಲಿ ಕೊಯ್ಯುತ್ತಾನೆ? ತುದಿಯಲ್ಲಿ! ಮೂರೇ ನಿಮಿಷದಲ್ಲಿ ಕೆಲಸ ಮುಗಿಸಿ ಬೆವರು ಒರೆಸಿಕೊಂಡೆ.

ನಾಗರತ್ನ ಗ್ರೀಟಿಂಗ್ ಕಾರ್ಡೊಂದನ್ನು ತಂದು ನನ್ನ ಮುಖದ ಮುಂದೆ ಹಿಡಿದಳು. ಅದರಲ್ಲಿದ್ದ ಮರ ಮೇಲೆ ಹೋಗುತ್ತ ಹೋಗುತ್ತ ಚೂಪಾಗಿತ್ತು. ಚೂಪಿನ ಮೇಲೆ ನಕ್ಷತ್ರವಿತ್ತು. ನಮ್ಮ ಮರದ ಮೇಲೆ ಒಂದು ಕೊರಡಿತ್ತು.

"ತಲೇನೇ ಕಡ್ದಾಕ್ಬುಟ್ರಲ್ಲ!" ಎಂದಳು.

ಎರಡನೆಯ ತೊಡಕು, ಮರಗಳನ್ನು ನಿಲ್ಲಿಸುವುದು. ಕುಂಡವಿದ್ದದ್ದು ಒಂದಕ್ಕೆ ಮಾತ್ರ. ಉಳಿದವಕ್ಕೆ ನಾನು ಮನೆಯ ಸಂಪನ್ಮೂಲ ಬಳಸಿಕೊಂಡೆ. ತಲೆ ಕಡಿದ ಮರವನ್ನು ಒರಳುಕಲ್ಲಿನ ಗುಳಿಯಲ್ಲಿ ಊರಿ ಕಲ್ಲು ತುಂಬಿದೆ. ಸರ್ವೆ ಗಿಡಗಳಲ್ಲಿ ಒಂದು ಹಿತ್ತಾಳೆ ಕೊಡಪಾನದಲ್ಲಿ, ಒಂದು ಸೀಮೆಎಣ್ಣೆ ಡಬ್ಬದಲ್ಲಿ, ಒಂದು ಸ್ನಾನದ ಬಕೆಟ್ಟಿನಲ್ಲಿ, ಒಂದು ಅಕ್ಕಿ ತುಂಬುವ ಡಬ್ಬದಲ್ಲಿ ಮರಳಿನ ಜೊತೆ ಸ್ಥಾಪನೆಗೊಂಡವು. ಆಗ ಬೀದಿಯ ನಲ್ಲಿಯಲ್ಲಿ ನೀರು ಬಂತು. ಎರಡು ದಿನಕ್ಕೊಮ್ಮೆ ಬರುವ ನೀರು! ಹಿಡಿಯಲು ಮನೆಯಲ್ಲಿ ಪಾತ್ರೆಯೇ ಇಲ್ಲ. ನಾಗರತ್ನ ನನ್ನನ್ನು ಒಮ್ಮೆ ನೋಡಿ, ಎದುರುಮನೆಗೆ ಹೋಗಿ ಎರಡು ಬಿಂದಿಗೆ ಎರವಲು ತಂದಳು. ಬೈದಿದ್ದರೆ ಚೆನ್ನಾಗಿತ್ತು.

ಕೆಟ್ಟ ಹೆಸರು ಕಳೆದುಕೊಳ್ಳಲು ನನಗೆ ಉಳಿದದ್ದು ಹಿಮ. ಕಾರ್ಡಿನ ಮರದ ಮೇಲೆ ಬೆಳ್ಳಗೆ ಹಿಮವಿತ್ತಲ್ಲ! ಹತ್ತಿ ಬೇಕು. ನಮ್ಮ ಮನೆಯಲ್ಲಿ ಎರಡು ಬೂರಗದ ಹತ್ತಿಯ ದಿಂಬುಗಳಿದ್ದವು, ನಾಗರತ್ನ ತವರಿನಿಂದ ತಂದದ್ದು. ನಡುಮನೆಯ ನಡುವೆ ಕೂತು ಎರಡರ ಹೊಲಿಗೆಯನ್ನೂ ಬಿಚ್ಚಿದೆ. ಬೂರಗದ ಹತ್ತಿ ಎಷ್ಟು ಹಗುರ ಎಂದರೆ ಉಸಿರು ಬಿಟ್ಟರೂ ಏಳುತ್ತದೆ. ಆದ್ದರಿಂದ ಉಸಿರು ಬಿಗಿಹಿಡಿದು ಬಹಳ ಜಾಗರೂಕತೆಯಿಂದ ಕೆಲಸ ಮಾಡುತ್ತಿದ್ದೆ. ಬೆಳಿಗ್ಗೆಯಿಂದ ಕರೆಂಟು ಇರಲಿಲ್ಲ. ಫ್ಯಾನಿನ ಸ್ವಿಚ್ಚು ಹಾಕಿಯೇ ಇತ್ತು.

ಕರೆಂಟು ಬಂತು!

ಗುಂಡ್ಲುಪೇಟೆಯಲ್ಲಿ ಹಿಮ ಬಿದ್ದದ್ದು ಅದೊಂದೇ ಸಲ. ನಡುಮನೆ ಕಾಣಲಿಲ್ಲ. ಅವ್ವ ಕಾಣಲಿಲ್ಲ. "ಏನ್ಲಾ ಇದು, ಮಂಜು ಕವಿತಾ ಅದೆ!" ಎಂಬ ಅವಳ ದನಿ ಮಾತ್ರ ಕೇಳಿತು. ಅಡುಗೆಮನೆಯಲ್ಲಿ ಕುದಿಯುತ್ತಿದ್ದ ಸಾರಿನ ಮೇಲೆ ಬಿತ್ತು. ಹೆಂಡತಿಯ ಎಣ್ಣೆ ಹಚ್ಚಿದ ತಲೆಯ ಮೇಲೆ ಬಿತ್ತು. ಎಲ್ಲೆಲ್ಲೂ ಬಿತ್ತು. ಮರಗಳ ಮೇಲೆ ಮಾತ್ರ ಬೀಳಲಿಲ್ಲ.

ನಾಗರತ್ನ ಫ್ಯಾನು ಆರಿಸಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ನೀವು ಬಸ್‌ಸ್ಟ್ಯಾಂಡಿಗೆ ಓಗಿ. ಅವರ ಬಸ್ಸು ನಾಕ್ ಗಂಟೆಗೆ ಬರೋದು."

"ಈಗಿನ್ನೂ ಒಂದು ಗಂಟೆ."

"ಈಗ್ಲೇ ಓಗಿ!"

ಹೋದೆ. ಮೂರು ಗಂಟೆ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ಯೋಚಿಸಿದೆ. ಅವ್ವನಿಗೆ ಕಾಲು ಕೊಟ್ಟವಳ ಮಕ್ಕಳು ಬರುತ್ತಿದ್ದಾರೆ. ಅವರಿಗೆ ತೋರಿಸಲು ನಮ್ಮಲ್ಲೇನಿದೆ? ತಲೆಯಿಲ್ಲದ ಮರ, ಹತ್ತಿ ಬಿದ್ದ ಸಾರು. ಒಂದು ಸಣ್ಣ ಕೊಂಬೆ ಸಾಕು ಎಂದಿದ್ದರಲ್ಲ ಪುಣ್ಯಾತ್ಗಿತ್ತಿ! ನಿಜಕ್ಕೂ ಕಣ್ಣು ತುಂಬಿತು.

ನಾಲ್ಕೂಕಾಲಕ್ಕೆ ಬಸ್ಸು ಬಂತು. ಬಿಳೀ ಬಟ್ಟೆಯ, ನೆಟ್ಟಗೆ ನಿಂತ, ಎಪ್ಪತ್ತರ ಅಜ್ಜಿ. ಎರಡು ಪುಟ್ಟ ಹುಡುಗಿಯರು. ಒಂದು ಕಬ್ಬಿಣದ ಟ್ರಂಕು. ನಾನು ಕೈಮುಗಿದು ಟ್ರಂಕಿಗೆ ಕೈ ಹಾಕಿದೆ. ಅಜ್ಜಿ ಗಾಬರಿಯಾಗಿ "ವೇಂಡ, ವೇಂಡ" ಎಂದು ನನ್ನ ಕೈ ಬಿಡಿಸಿ, ತಾವೇ ಟ್ರಂಕನ್ನು ಎತ್ತಿಕೊಂಡರು. ದಾರಿಯುದ್ದಕ್ಕೂ ಜಿನ್ಸಿ ನನ್ನನ್ನು "ಅಪ್ಪಚ್ಚನ್" ಎಂದು ಕರೆಯಿತು. ಅಪ್ಪ ಎಂಬುದಕ್ಕೆ ಹತ್ತಿರವಾದ ಪ್ರೀತಿಯ ಮಾತಿರಬೇಕು ಎಂದು ನಾನು ಹಿಗ್ಗಿದೆ. ಅದಕ್ಕೆ ಅಜ್ಜ ಎಂದರ್ಥ ಎಂದು ಆಮೇಲೆ ಗೊತ್ತಾಯಿತು. ನನ್ನ ತಲೆ, ಮೀಸೆ, ಹುಬ್ಬಿನ ತುಂಬ ಬೂರಗದ ಹತ್ತಿ ಕೂತಿತ್ತು!

ಮನೆಯ ಹತ್ತಿರ ಬರುವಾಗ ಕಾಲು ಎಳೆದೆ. ಮಕ್ಕಳು ಓಡಿ ಒಳಗೆ ಹೋದವು. ಜಿನ್ಸಿ ಕಿರುಚಿತು. ಹೆದರಿಯಲ್ಲ, ಖುಷಿಯಿಂದ!

ಮೂರು ಗಂಟೆಯಲ್ಲಿ ನಾಗರತ್ನ ಅದು ಹೇಗೆ ಮಾಡಿದಳೋ ನನಗೆ ಇವತ್ತಿಗೂ ತಿಳಿದಿಲ್ಲ. ಜಗುಲಿಯ ಸರ್ವೆ ಗಿಡಕ್ಕೆ ಚೆಂಡುಹೂವಿನ ಸರಗಳು ಸುತ್ತಿ ಸುತ್ತಿ ಇಳಿದಿದ್ದವು. ಅಡುಗೆಮನೆಯ ಮರದಲ್ಲಿ ಕೆಂಪು ಒಣಮೆಣಸಿನಕಾಯಿ, ಸಾಂಬಾರ್ ಈರುಳ್ಳಿಯ ಗೊಂಚಲುಗಳು ಹಣ್ಣಿನ ಹಾಗೆ ತೂಗುತ್ತಿದ್ದವು. ಒಂದು ರೂಮಿನ ಮರಕ್ಕೆ ಅವಳ ಮದುವೆಯ ಕಾಲದಿಂದ ಕೂಡಿಟ್ಟ ಗಾಜಿನ ಬಳೆಗಳು. ಕಿಟಕಿಯ ಗಾಳಿಗೆ ಮರವೇ ಘಲ್ ಎನ್ನುತ್ತಿತ್ತು. ಇನ್ನೊಂದು ರೂಮಿನ ಊಟಿ ಗಿಡಕ್ಕೆ ಟೀಪುಡಿ ಪೊಟ್ಟಣಗಳ ಬೆಳ್ಳಿ ಕಾಗದವನ್ನು ಕತ್ತರಿಸಿದ ಚುಕ್ಕಿಗಳು. ದೇವರಮನೆಯ ಮರ ಅವ್ವನದು. ಅದಕ್ಕೆ ಎರಡು ಮೊಳ ಮಲ್ಲಿಗೆ, ಬುಡಕ್ಕೆ ಅರಿಶಿನ ಕುಂಕುಮ.

ನಡುಮನೆಯಲ್ಲಿ ತಲೆ ಕಡಿದ ಸಿಲ್ವರ್ ಓಕ್ ನಿಂತಿತ್ತು. "ತಲೆ ಇಲ್ದಿದ್ರೇನಂತೆ, ಪೇಟ ಸುತ್ತವ್ವಾ" ಎಂದಳಂತೆ ಅವ್ವ. ನನ್ನ ಮದುವೆಯ ಜರಿಪೇಟ ಅದರ ಕೊರಡಿನ ಮೇಲೆ ಕೂತಿತ್ತು. ನನಗಿಂತ ಅದಕ್ಕೇ ಚೆನ್ನಾಗಿ ಒಪ್ಪುತ್ತಿತ್ತು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಏಲಿಯಮ್ಮ ಡ್ಯೂಟಿ ಮುಗಿಸಿ ಬಂದರು. ಮತ್ತೆ ಕರೆಂಟು ಹೋಗಿತ್ತು. ಅವ್ವನ ಎರಡು ಹಿತ್ತಾಳೆ ದೀಪಗಳ ಬೆಳಕಿನಲ್ಲಿ ಒಂದೊಂದೇ ಕೋಣೆ ನೋಡುತ್ತಾ ಹೋದರು. ಮಕ್ಕಳು ಎರಡೂ ಕೈ ಹಿಡಿದಿದ್ದವು. ಬಳೆಗಳ ಮರದ ಮುಂದೆ ನಿಂತವರು ನಾಗರತ್ನಳ ಭುಜದ ಮೇಲೆ ತಲೆಯಿಟ್ಟುಬಿಟ್ಟರು.

"ನಂಗೆ ಎಷ್ಟು ಕ್ರಿಸ್‌ಮಸ್ ಆಯ್ತು. ಇಂಥದ್ದು ಒಂದೂ ನೋಡಿಲ್ಲ" ಎಂದರು.

"ಸುಮ್ಕಿರಿ ಸಿಸ್ಟರ್. ನಮ್ಮತ್ತೆ ನಡೀತಾವ್ರಲ್ಲ, ಅದ್ರ ಮುಂದೆ ಇದೇನು ಮಹಾ" ಎಂದಳು ನಾಗರತ್ನ.

ಅಷ್ಟರಲ್ಲಿ ಅಜ್ಜಿ ಟ್ರಂಕಿನಿಂದ ಕೇಕು ತೆಗೆದಿದ್ದರು. ಅವರಿಗೆ ಕನ್ನಡ ಬಾರದು, ಅವ್ವನಿಗೆ ಮಲೆಯಾಳದಲ್ಲಿ ಬರುತ್ತಿದ್ದದ್ದು ಅಂಕಿ ಮಾತ್ರ. ಅಜ್ಜಿ ಕೇಕಿನ ಚೂರುಗಳನ್ನು ಅವ್ವನ ತಟ್ಟೆಗೆ ಹಾಕುತ್ತಾ ಹೋದರು, ಅವ್ವ "ಒನ್ನ್, ರಂಡ್, ಮೂನ್" ಎಂದು ಎಣಿಸಿ ತಿನ್ನುತ್ತಾ ಹೋದಳು. ಆ ಇಬ್ಬರು ಮುದುಕಿಯರಷ್ಟು ಸರಾಗವಾಗಿ ಮಾತಾಡಿಕೊಂಡವರನ್ನು ನಾನು ಕಂಡಿಲ್ಲ.

ಮಾರನೆಯ ಬೆಳಿಗ್ಗೆ ಸ್ಟುಡಿಯೋದವನನ್ನು ಕರೆಸಿ ನಡುಮನೆಯ ಮರದ ಮುಂದೆ ಎಲ್ಲರನ್ನೂ ನಿಲ್ಲಿಸಿದೆವು. ಅವನು "ರೆಡಿ" ಎನ್ನುವಷ್ಟರಲ್ಲಿ ಒರಳಿನ ಕಲ್ಲು ಸಡಿಲಾಗಿ ಮರ ಮುಂದಕ್ಕೆ ವಾಲಿತು. "ಇಡ್ಕಳಿ, ಇಡ್ಕಳಿ!" ಎಂದು ನಾಗರತ್ನ ಕೂಗಿದಳು. ನಾನು ಹಿಂದೆ ಓಡಿ ಕಾಂಡವನ್ನು ತಬ್ಬಿಕೊಂಡೆ. ಅಷ್ಟರಲ್ಲಿ ಕ್ಯಾಮೆರಾ ಕ್ಲಿಕ್ ಎಂದಿತು.

ಆ ಫೋಟೋ ಈಗಲೂ ನಮ್ಮ ಗೋಡೆಯ ಮೇಲಿದೆ. ಮೊನ್ನೆ ಮೊಮ್ಮಗಳು ಸ್ಟೂಲು ಹತ್ತಿ ಅದನ್ನು ನೋಡುತ್ತಾ ಕೇಳಿದಳು: "ಅಜ್ಜಿ, ಇದ್ರಲ್ಲಿ ಎಲ್ರೂ ಇದಾರೆ, ತಾತ ಎಲ್ಲಿ? ಪೇಟ ಕಟ್ಕೊಂಡು ಮಧ್ಯ ನಿಂತಿದಾರಲ್ಲ, ಇವರಾ?"

ನಾಗರತ್ನ ಕನ್ನಡಕ ಹಾಕಿಕೊಂಡು ಹತ್ತಿರ ಹೋದಳು.

"ಅದು ಮರ ಕಣಮ್ಮಿ. ಅದ್ರ ಪಕ್ದಲ್ಲಿ ನಾಕು ಬೆರಳು ಕಾಣ್ತಾವಲ್ಲ, ಅದೇ ನಿಮ್ಮ ತಾತ!"