ಬಂಗಾರಿಯ ಕಾಲೇಜು ಫೈಲು

ಗೋಣೆಪ್ಪನ ಬಲಗೈಗೆ ಒಂದು ಚಟವಿತ್ತು. ಬೀಡಿಯದಲ್ಲ, ಎಲೆಯಡಿಕೆಯದಲ್ಲ, ಸೀಲಿನದು. ಚನ್ನಗಿರಿಯ ಸರ್ಕಾರಿ ಕಚೇರಿಯೊಂದರಲ್ಲಿ ಅವನು ಇಪ್ಪತ್ತೆರಡು ವರ್ಷದಿಂದ ಟಪಾಲು ಗುಮಾಸ್ತ. ಯಾವ ಇಲಾಖೆ ಎಂಬುದು ಬೇಡ. ಅಲ್ಲಿದ್ದವರೆಲ್ಲ ಇನ್ನೂ ಪಿಂಚಣಿ ತೆಗೆದುಕೊಳ್ಳುತ್ತಿದ್ದಾರೆ. ಕಾಗದವೆಂಬುದು ಎದುರಿಗೆ ಬಂದರೆ ಸಾಕು, ಅವನ ಕೈ ತಾನಾಗಿ ಎದ್ದು ‘ಸ್ವೀಕರಿಸಿದೆ’ ಎಂಬ ದುಂಡು ಸೀಲನ್ನು ಧಪ್ಪನೆ ಒತ್ತಿಬಿಡುತ್ತಿತ್ತು. ಒಮ್ಮೆ ಯಾರದೋ ಲಗ್ನಪತ್ರಿಕೆಗೆ ಒತ್ತಿದ್ದ. ಇನ್ನೊಮ್ಮೆ ಮಂಡಕ್ಕಿ ಕಟ್ಟಿದ್ದ ಪೊಟ್ಟಣಕ್ಕೆ. ಆ ಮಂಡಕ್ಕಿಯನ್ನು ರಿಜಿಸ್ಟರಿನಲ್ಲಿ ನಮೂದಿಸಿದ ಮೇಲೆಯೇ ತಿಂದದ್ದು.

1983ರ ಜುಲೈ ತಿಂಗಳು. ಮಗಳು ಬಂಗಾರಿ ಪಿಯುಸಿಯನ್ನು ಫಸ್ಟ್ ಕ್ಲಾಸಿನಲ್ಲಿ ಪಾಸು ಮಾಡಿದ್ದಳು. ಅವರ ಗಲ್ಲಿಯ ಮನೆ ಎಂಥ ಪೋಸ್ಟ್‌ಮ್ಯಾನಿಗೂ ಸಿಗುತ್ತಿರಲಿಲ್ಲವಾದ್ದರಿಂದ, ಅಪ್ಪನ ಕಚೇರಿಯ ವಿಳಾಸ ಕೊಟ್ಟು ಎರಡು ಕಡೆ ಅರ್ಜಿ ಹಾಕಿದ್ದಳು. ಶನಿವಾರದ ಟಪಾಲಿನಲ್ಲಿ ಎರಡೂ ಕಡೆಯಿಂದ ಸೀಟು ಸಿಕ್ಕಿದೆಯೆಂದು ಕಾಗದ ಬಂತು. ಶಿವಮೊಗ್ಗದಲ್ಲಿ ನರ್ಸಿಂಗು, ದಾವಣಗೆರೆಯಲ್ಲಿ ಟೀಚರ್ ಟ್ರೈನಿಂಗು. ಎರಡರಲ್ಲೂ ಒಂದೇ ಮಾತು: ಸೋಮವಾರ ಸಂಜೆ ಐದರೊಳಗೆ ಅಸಲು ಮಾರ್ಕ್ಸ್ ಕಾರ್ಡು, ಟಿಸಿ ಒಪ್ಪಿಸದಿದ್ದರೆ ಸೀಟು ಮುಂದಿನವರಿಗೆ. ಅಸಲು ಇರುವುದು ಒಂದೇ. ಆದ್ದರಿಂದ ಕಾಲೇಜೂ ಒಂದೇ.

ಗೋಣೆಪ್ಪ ಎರಡಕ್ಕೂ ಸೀಲು ಒತ್ತಿ, 1417, 1418 ಎಂದು ನಂಬರು ಕೊಟ್ಟ. ಅಲ್ಲಿಗೆ ಅವನ ವಿದ್ಯೆ ಮುಗಿಯಿತು. ಇಪ್ಪತ್ತೆರಡು ವರ್ಷದಲ್ಲಿ ಅವನು ಕಾಗದ ತೆಗೆದುಕೊಂಡು ಮುಂದಕ್ಕೆ ಕಳಿಸಿದ್ದನೇ ಹೊರತು, ಒಂದನ್ನೂ ತೀರ್ಮಾನ ಮಾಡಿದವನಲ್ಲ.

ಭಾನುವಾರ ಮನೆಯಲ್ಲಿ ಪಂಚಾಯ್ತಿ ಸೇರಿತು.

“ನರ್ಸೇ ಮಾಡ್ಸು ಗೋಣೆಪ್ಪಾ,” ಎಂದಳು ಪಕ್ಕದ ಮನೆಯ ಲಕ್ಷ್ಮಕ್ಕ, ಕಾಲು ಚಾಚಿ ಕೂತು. “ಈ ಮೊಣಕಾಲಿಗೆ ಸೂಜಿ ಹಾಕ್ಸಾಕೆ ಆಸ್ಪತ್ರೆಗೆ ನಡೆದೂ ನಡೆದೂ ಇದ್ದ ಮೊಣಕಾಲೂ ಹೋತು.”

“ನಿನ್ನ ಮೊಣಕಾಲಿಗೋಸ್ಕರ ನನ್ನ ಮಗಳು ಓದ್ಬೇಕೇನಕ್ಕಾ?” ಎಂದಳು ಗೋಣೆಪ್ಪನ ಹೆಂಡತಿ ಅಜ್ಜಮ್ಮ. “ಟೀಚರ್ ಆದ್ರೆ ದಸರಾ ರಜಾ, ಬೇಸಿಗೆ ರಜಾ. ಹಪ್ಪಳ ಸಂಡಿಗೆ ಮಾಡೋ ಕಾಲಕ್ಕೆ ಸರಿಯಾಗಿ ಮನೆಯಾಗೆ ಇರ್ತಾಳೆ.”

“ಅಪ್ಪಾ, ನಾನು ಏನು ಹೇಳ್ತೀನಂದ್ರೆ...” ಎಂದು ಬಂಗಾರಿ ಬಾಯಿ ತೆರೆದಳು.

“ದೊಡ್ಡೋರು ಮಾತಾಡೋವಾಗ ಮಧ್ಯೆ ಬಾಯಿ ಹಾಕ್ಬಾರ್ದು,” ಎಂದರು ಹೆಂಗಸರಿಬ್ಬರೂ ಒಟ್ಟಿಗೆ. ಆ ದಿನವೆಲ್ಲ ಅವರು ಒಮ್ಮತಕ್ಕೆ ಬಂದದ್ದು ಅದೊಂದು ವಿಷಯಕ್ಕೇ.

ಬಂಗಾರಿ ಕೈಕಟ್ಟಿ ಕೂರುವ ಹುಡುಗಿಯಲ್ಲ. ಶನಿವಾರ ಸಂಜೆಯೇ ಟೈಪಿಂಗ್ ಅಂಗಡಿಗೆ ಹೋಗಿ ಎಲ್ಲದಕ್ಕೂ ಟ್ರೂ ಕಾಪಿ ಹೊಡೆಸಿ, ಗೆಜೆಟೆಡ್ ಅಧಿಕಾರಿಯಾದ ದನದ ಡಾಕ್ಟರ ಹತ್ತಿರ ಹಸಿರು ಶಾಯಿಯ ರುಜು ಹಾಕಿಸಿಕೊಂಡು ಬಂದಿದ್ದಳು. ಕಾಗದಪತ್ರದ ವಿಷಯದಲ್ಲಿ ಅಪ್ಪನ ಮಗಳೇ.

ಸೋಮವಾರ ಬೆಳಿಗ್ಗೆ ಕಾಗದಪತ್ರ ತುಂಬಿದ ಒಂದು ರಟ್ಟಿನ ಫೋಲ್ಡರಿಗೆ ಟೇಪು ಕಟ್ಟಿ ಅಪ್ಪನ ಕೈಗಿಟ್ಟಳು. “ರಜಾ ಬರೆದುಕೊಟ್ಟು ಹತ್ತೂವರೆಗೆ ಬಸ್ ಸ್ಟ್ಯಾಂಡಿಗೆ ಬಾ ಅಪ್ಪಾ. ಹನ್ನೊಂದಕ್ಕೆ ಶಿವಮೊಗ್ಗದ್ದೂ ಬಿಡ್ತೈತೆ, ದಾವಣಗೆರೆದೂ ಬಿಡ್ತೈತೆ. ನೀನು ಬರದಿದ್ರೂ ನಾನು ಹತ್ತೋದೇ.”

ಕೊನೆಯ ಮಾತನ್ನು ಗೋಣೆಪ್ಪ ತಮಾಷೆಯೆಂದುಕೊಂಡ. ಫೋಲ್ಡರನ್ನು ಕಂಕುಳಲ್ಲಿ ಕೋಳಿಯಂತೆ ಅವುಚಿಕೊಂಡು ಕಚೇರಿಗೆ ಹೋದ.

ಹೆಡ್ ಕ್ಲರ್ಕ್ ಹಾಲೇಶಪ್ಪ ಆಗಷ್ಟೇ ಬಂದು ಕುರ್ಚಿಯ ಮೇಲಿನ ಟವಲು ಸರಿಮಾಡುತ್ತಿದ್ದರು.

“ಸಾರ್, ಅರ್ಧ ದಿನ ರಜಾ ಬೇಕಿತ್ತು. ಹಂಗೇ ನಿಮ್ಮದೊಂದು ಸಲಹೆ...” ಎಂದು ಗೋಣೆಪ್ಪ ಎಲ್ಲವನ್ನೂ ಒಪ್ಪಿಸಿದ.

ಹಾಲೇಶಪ್ಪ ಕಣ್ಣು ಮುಚ್ಚಿ ಕೇಳಿದರು. ಆಮೇಲೆ ಕಣ್ಣು ತೆರೆದರು. “ಇಂಥ ದೊಡ್ಡ ವಿಷಯ ಬಾಯಾಗೆ ಹೇಳಾಕೆ ಆಗ್ತೈತೇನಯ್ಯಾ? ನಾನೇ ಹೇಳಿದ್ದು ಅನ್ನಾಕೆ ನಾಳೆ ದಾಖಲೆ ಏನೈತೆ? ಬರೆದು ಕೊಡು.”

ಗೋಣೆಪ್ಪ ಬರೆದ: ‘1417 ಮತ್ತು 1418ಕ್ಕೆ ಸಂಬಂಧಿಸಿ. ನನ್ನ ಮಗಳು ಕುಮಾರಿ ಬಂಗಾರಮ್ಮ ಯಾವ ಕಾಲೇಜಿಗೆ ಸೇರಬೇಕೆಂಬ ಬಗ್ಗೆ. ಸೂಕ್ತ ಆದೇಶಕ್ಕಾಗಿ ಮಂಡಿಸಿದೆ.’ ಅದನ್ನು ಫೋಲ್ಡರಿನ ಮೇಲಿಟ್ಟ. ಕಾಗದ ಕಣ್ಣಿಗೆ ಬಿದ್ದದ್ದೇ ತಡ, ಬಲಗೈ ಎದ್ದಿತು. ಧಪ್!

ಸೀಲು ಬಿದ್ದ ಗಳಿಗೆಯಿಂದ ಅದು ಗೋಣೆಪ್ಪನ ಫೋಲ್ಡರಾಗಿ ಉಳಿಯಲಿಲ್ಲ, ಸರ್ಕಾರದ ಫೈಲಾಯಿತು. ಹಾಲೇಶಪ್ಪ ಅದಕ್ಕೊಂದು ನಂಬರು ಕೊಡಿಸಿ ಗುಮಾಸ್ತ ಕೊಟ್ರಬಸಪ್ಪನ ಮೇಜಿಗೆ ದಾಟಿಸಿದರು.

ಕೊಟ್ರಬಸಪ್ಪ ಶಿಸ್ತಿನ ಮನುಷ್ಯ. “ಈ ಹಿಂದೆ ನಮ್ಮ ಆಫೀಸಿನಾಗೆ ಇಂಥದ್ದೇ ಕೇಸು ಆಗಿತ್ತೇನು, ನೋಡ್ಬೇಕಲ್ಲಪ್ಪಾ,” ಎಂದು ರೆಕಾರ್ಡ್ ರೂಮಿಗೆ ಇಳಿದ. ಮೈತುಂಬ ಜೇಡರಬಲೆ ಹೊದ್ದು ಮೇಲೆ ಬಂದಾಗ ಕೈಯಲ್ಲಿ 1976ರ ಒಂದು ಫೈಲಿತ್ತು. ಎರಡು ಗೋಡೆ ಗಡಿಯಾರಗಳಲ್ಲಿ ಕಚೇರಿಗೆ ಯಾವುದನ್ನು ಕೊಳ್ಳಬೇಕು ಎಂಬ ಫೈಲು. ಅದು ಇನ್ನೂ ತೀರ್ಮಾನವಾಗಿರಲಿಲ್ಲ. ಹಾಗಾಗಿ ಕಚೇರಿಯಲ್ಲಿ ಗಡಿಯಾರವೇ ಇರಲಿಲ್ಲ; ಬಸ್ಸುಗಳ ಹಾರನ್ನು ಕೇಳಿ ಗಂಟೆ ಎಷ್ಟೆಂದು ತಿಳಿಯುತ್ತಿದ್ದರು.

ಗಡಿಯಾರದ ಫೈಲನ್ನು ಆಧಾರವಾಗಿಟ್ಟುಕೊಂಡು ಕೊಟ್ರಬಸಪ್ಪ ಎರಡು ಪುಟ ಟಿಪ್ಪಣಿ ಬರೆದು, ‘ದಾವಣಗೆರೆಯೇ ಸೂಕ್ತ’ ಎಂದು ಮುಗಿಸಿದ. ಅವನ ಮಗನಿಗೆ ಏಳರ ಮಗ್ಗಿ ಮೂರು ವರ್ಷದಿಂದ ಬರುತ್ತಿರಲಿಲ್ಲ. ಬೀದಿಯಲ್ಲೊಬ್ಬಳು ಟೀಚರಿದ್ದರೆ ಅನುಕೂಲ. ಹಾಲೇಶಪ್ಪ ಅದರ ಕೆಳಗೆ ಕೆಂಪು ಶಾಯಿಯಲ್ಲಿ, ‘ಒಪ್ಪಿಲ್ಲ. ಶಿವಮೊಗ್ಗ’ ಎಂದು ಬರೆದರು. ಅವರ ಅತ್ತೆಗೆ ಸಕ್ಕರೆ ಕಾಯಿಲೆ, ದಿನಕ್ಕೆರಡು ಸೂಜಿ.

“ಸಾರ್, ಬಸ್ಸು...” ಎಂದ ಗೋಣೆಪ್ಪ.

“ಬಸ್ಸು ನಾಳೇನೂ ಬರ್ತೈತೆ,” ಎಂದರು ಹಾಲೇಶಪ್ಪ. “ ತಪ್ಪು ಆದೇಶ ಆದ್ರೆ ಯಾರಪ್ಪಾ ತಿದ್ದೋರು?”

ಅಷ್ಟರಲ್ಲಿ ಬಸ್ ಸ್ಟ್ಯಾಂಡಿನ ಕಡೆಯಿಂದ ಒಂದರ ಹಿಂದೊಂದು ಎರಡು ಹಾರನ್ನು ಕೇಳಿಸಿದವು. ಹನ್ನೊಂದು ಗಂಟೆ. ಗೋಣೆಪ್ಪನ ಎದೆ ಪಂಕ್ಚರಾದ ಸೈಕಲ್ ಟ್ಯೂಬಿನಂತೆ ಕುಸಿಯಿತು.

“ಫೈಲು ವಾಪಸ್ ಕೊಡ್ರಿ ಸಾರ್! ಮಗಳ ಅಸಲು ಮಾರ್ಕ್ಸ್ ಕಾರ್ಡು ಅದರಾಗೆ ಐತೆ. ಐದು ಗಂಟೆಯೊಳಗೆ ಎಲ್ಲಾದ್ರೂ ಒಂದು ಕಡೆ ಕೊಡ್ಬೇಕು!”

“ಫೈಲು ನಿನ್ನದೇನಯ್ಯಾ? ನಂಬರು ಬಿದ್ದೈತೆ,” ಎಂದರು ಹಾಲೇಶಪ್ಪ. “ನಮ್ಮಿಬ್ಬರಲ್ಲಿ ಭಿನ್ನಾಭಿಪ್ರಾಯ ಐತೆ. ಇನ್ನು ಸಾಹೇಬ್ರೇ ಹೇಳ್ಬೇಕು.”

ಸಾಹೇಬರ ಜೀಪು ಆ ಹೊತ್ತಿಗೆ ತ್ಯಾವಣಿಗೆ ಕ್ಯಾಂಪಿಗೆ ಹೊರಡಲು ಸಿದ್ಧವಾಗಿತ್ತು. ಸಾಹೇಬರ ಬಾಗಿಲು ಕಾಯುವ ದಫೇದಾರ ಬಂದು, ಮೇಜಿನ ಮೇಲಿದ್ದ ಫೈಲುಗಳನ್ನೆಲ್ಲ ಬಾಚಿ ಟ್ರಂಕಿಗೆ ತುಂಬಿ, ಬೀಗ ಹಾಕಿ, ಜೀಪಿನ ಹಿಂದಿಟ್ಟು ತಾನೂ ಹತ್ತಿ ಕೂತ. ಗೋಣೆಪ್ಪ ಹೊರಗೆ ಓಡಿ ಬರುವಷ್ಟರಲ್ಲಿ ಕಂಡದ್ದು ಹೊಗೆ ಮಾತ್ರ.

ಮುಂದಿನ ಬಸ್ಸಿನ ಬಾಗಿಲಲ್ಲಿ ನೇತಾಡಿಕೊಂಡು ಅವನು ತ್ಯಾವಣಿಗೆ ಮುಟ್ಟಿದ. ಅಲ್ಲಿನ ಹೋಟೆಲಿನವನು, “ಸಾಹೇಬ್ರಾ? ಆರು ಮಿರ್ಚಿ ತಿಂದು ಕತ್ತಲಗೆರೆಗೆ ಹೋದ್ರಲ್ಲ,” ಎಂದ. ಕತ್ತಲಗೆರೆಗೆ ಬಸ್ಸಿರಲಿಲ್ಲ. ಗೊಬ್ಬರದ ಮೂಟೆ ತುಂಬಿದ್ದ ಟ್ರ್ಯಾಕ್ಟರೊಂದು ಹೊರಟಿತ್ತು. ಇಳಿಯುವಾಗ ಗೋಣೆಪ್ಪ ಬೂದಿ ಬಳಿದುಕೊಂಡ ಸನ್ಯಾಸಿಯಂತಿದ್ದ. ದಾರಿಯಲ್ಲಿ ಇಬ್ಬರು ಹೆಂಗಸರು ಕೈ ಮುಗಿದರು.

ಸಾಹೇಬರು ಬೇವಿನ ಮರದಡಿ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಪಕ್ಕದಲ್ಲಿ ಟ್ರಂಕಿಗೆ ದಫೇದಾರ ಬೀಗ ಜಡಿಯುತ್ತಿದ್ದ.

“ಯಾರಪ್ಪಾ ಸ್ವಾಮೀ, ಏನು ಬೇಕಿತ್ತು?”

“ನಾನು ಸಾರ್, ಗೋಣೆಪ್ಪ. ಟಪಾಲು.”

“ಓ, ಮಗಳ ಕಾಲೇಜು! ಈಗ್ತಾನೆ ಆರ್ಡರ್ ಬರೆದೆ.”

ಗೋಣೆಪ್ಪನ ಕಣ್ಣಲ್ಲಿ ನೀರು ಬಂತು. “ದೇವ್ರಂಥೋರು ಸಾರ್ ನೀವು. ಕೊಟ್ಬಿಡ್ರಿ, ಯಾವುದಾದ್ರೂ ಲಾರಿ ಹಿಡೀತೀನಿ.”

“ಅರ್ಜಿದಾರನ ಕೈಗೆ ಫೈಲು ಕೊಡಾಕೆ ಬರ್ತೈತೇನಯ್ಯಾ? ಅದು ಆಫೀಸಿಗೆ ಬರ್ತೈತೆ. ಟಪಾಲು ಗುಮಾಸ್ತ ಸೀಲು ಹೊಡೆದು ನಮೂದು ಮಾಡ್ಕೊಂತಾನೆ. ಆಮೇಲೆ ನಿನಗೆ ಕೊಡ್ತಾನೆ.”

“ಆ ಟಪಾಲು ಗುಮಾಸ್ತ ನಾನೇ ಅಲ್ವಾ ಸಾರ್?”

ಸಾಹೇಬರು ತಲೆದೂಗಿದರು. “ಹಂಗಾದ್ರೆ ಇನ್ನೂ ಸುಲಭ ಆತಲ್ಲ. ಬೇಗ ಹೋಗಿ ಆಫೀಸಿನಾಗೆ ಕೂತ್ಕೋ.”

ಕೊನೆಗೆ ಕನಿಕರಪಟ್ಟು ಜೀಪಿನ ಹಿಂದೆ ಹತ್ತಿಸಿಕೊಂಡರು. ಬೀಗ ಹಾಕಿದ ಟ್ರಂಕನ್ನು ತೊಡೆಯ ಮೇಲಿಟ್ಟುಕೊಂಡು ಗೋಣೆಪ್ಪ ಚನ್ನಗಿರಿಯವರೆಗೂ ಕೂತ. ಮಗಳ ಮುಂದಿನ ಬಾಳು ಒಂದು ತಗಡಿನ ಆಚೆಗಿತ್ತು. ಜೀಪು ಗುಂಡಿಗೆ ಇಳಿದಾಗಲೆಲ್ಲ ಅದು ಒಳಗೆ ಲೊಡಲೊಡ ಎನ್ನುತ್ತಿತ್ತು.

ಕಚೇರಿಗೆ ಬರುವಾಗ ಐದೂವರೆಯ ಹಾರನ್ನು ಆಗಿಹೋಗಿತ್ತು. ಯಾವ ಆದೇಶ ಬಂತೆಂದು ನೋಡಲು ಹಾಲೇಶಪ್ಪ, ಕೊಟ್ರಬಸಪ್ಪ ಇಬ್ಬರೂ ಮನೆಗೆ ಹೋಗದೆ ಕಾದಿದ್ದರು. ಕಾಫಿಯ ಬಾಜಿ ಬೇರೆ ಕಟ್ಟಿದ್ದರು. ಗೋಣೆಪ್ಪ ಸೀಲು ಒತ್ತಿ, ಗುಮಾಸ್ತನಾಗಿ ಕೊಟ್ಟೆನೆಂದು ಒಂದು ರುಜು, ಅರ್ಜಿದಾರನಾಗಿ ಪಡೆದೆನೆಂದು ಇನ್ನೊಂದು ರುಜು ಹಾಕಿ ಫೈಲು ಬಿಚ್ಚಿದ.

ಸಾಹೇಬರ ದುಂಡನೆಯ ಅಕ್ಷರದಲ್ಲಿ ಒಂದೇ ಸಾಲು: ‘ಹುಡುಗಿಯನ್ನು ಕೇಳಿ ಮರುಮಂಡಿಸಿ.’

ಮೂವರೂ ಒಟ್ಟಿಗೆ ಬಗ್ಗಿ ಅದನ್ನೇ ಇನ್ನೊಮ್ಮೆ ಓದಿದರು.

“ಅಲೆಲೆ, ಇದು ನಮಗೆ ಹೊಳೀಲೇ ಇಲ್ಲಲ್ರೀ,” ಎಂದ ಕೊಟ್ರಬಸಪ್ಪ.

ಹೋದ ಸೀಟುಗಳನ್ನು ನೆನೆದು ಗೋಣೆಪ್ಪ ಮಾರ್ಕ್ಸ್ ಕಾರ್ಡನ್ನಾದರೂ ಎದೆಗೊತ್ತಿಕೊಳ್ಳೋಣವೆಂದು ಹಾಳೆ ತಿರುವಿದ. ಟೈಪು ಮಾಡಿದ ಹಾಳೆ. ಕೆಳಗೆ ಹಸಿರು ಶಾಯಿ, ದನದ ಡಾಕ್ಟರು. ಇನ್ನೊಂದು ತಿರುವಿದ, ಅಲ್ಲೂ ದನದ ಡಾಕ್ಟರು. ಕಾಲೇಜಿನ ಕಾಗದಗಳಿಗೂ ದನದ ಡಾಕ್ಟರೇ.

“ಎಲ್ಲಾ ಟ್ರೂ ಕಾಪಿ! ಅಸಲು ಎಲ್ಲೋತು?”

ಕೊಟ್ರಬಸಪ್ಪ ಹಾಲೇಶಪ್ಪನವರನ್ನು ನೋಡಿದ. ಹಾಲೇಶಪ್ಪ ಸೂರು ನೋಡಿದರು. ಮೂರು ಮಂದಿ ಟಿಪ್ಪಣಿ ಬರೆದ ಆ ಫೈಲಿನಲ್ಲಿ ಲಗತ್ತುಗಳನ್ನು ಒಬ್ಬರೂ ತೆರೆದು ನೋಡಿರಲಿಲ್ಲ. ಆ ಕಚೇರಿಯಲ್ಲಿ ಅಂಥ ಪದ್ಧತಿ ಇರಲಿಲ್ಲ.

ಗೋಣೆಪ್ಪ ಮನೆಗೆ ಓಡಿದ. ಅಜ್ಜಮ್ಮ ಹೊಸ್ತಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು.

“ಬಂಗಾರಿ ಎಲ್ಲಿ?”

“ಹನ್ನೊಂದರ ಬಸ್ಸಿಗೇ ಹೋದ್ಲು. ಬಸ್ ಸ್ಟ್ಯಾಂಡಿಗೆ ನೀವೆಲ್ಲಿ ಬಂದ್ರಿ? ಅಸಲೆಲ್ಲಾ ಅವಳತ್ರಾನೇ ಇದ್ವು. ಅಪ್ಪನ ಕೈಗೆ ಕೊಟ್ರೆ ಅದಕ್ಕೂ ಸೀಲು ಹೊಡೀತಾನೆ ಅಂತ ತಾನೇ ಇಟ್ಕಂಡಿದ್ಲು.”

ಗೋಣೆಪ್ಪನಿಗೆ ಹೋದ ಜೀವ ಬಂತು. “ಯಾವ ಊರಿಗೆ ಹೋದ್ಲೇ?”

“ನಾನು ಕೇಳಿದೆ. ಭಾನುವಾರ ಹೇಳಾಕೆ ಬಂದಾಗ ನೀವು ಬಿಡ್ಲಿಲ್ಲ, ಈಗ ಸೀಟಾದ ಮೇಲೇ ಹಾಸ್ಟೆಲಿನಿಂದ ಅಪ್ಪಂಗೆ ಕಾಗದ ಬರೀತೀನಿ ಅಂದ್ಲು. ಲಕ್ಷ್ಮಕ್ಕ ಬಸ್ ಸ್ಟ್ಯಾಂಡಿನಾಗೆ ನೋಡಿದ್ಲಂತೆ. ಕೆಂಪು ಬಸ್ಸು ಹತ್ತಿದ್ಲಂತೆ.”

ಎರಡೂ ಕೆಂಪು ಬಸ್ಸೇ.

ಬುಧವಾರದ ಟಪಾಲಿನಲ್ಲಿ ಒಂದು ನೀಲಿ ಇನ್‌ಲ್ಯಾಂಡ್ ಕಾಗದ ಬಂತು. ಮಗಳ ಅಕ್ಷರ. ಗೋಣೆಪ್ಪ ಸಂತೋಷದಿಂದ ಎರಡೂ ಕೈ ಮುಂದೆ ಚಾಚಿದ. ಎಡಗೈ ಕಾಗದ ಹಿಡಿಯಿತು. ಬಲಗೈ ಮೇಲೆ ಹೋಯಿತು.

ಧಪ್!

ಆ ಸದ್ದಿಗೆ ಹಾಲೇಶಪ್ಪ ತಲೆಯೆತ್ತಿ, ಎದ್ದು ಬಂದು ಕಾಗದವನ್ನು ಎತ್ತಿಕೊಂಡರು. “ಒಡೀಬ್ಯಾಡ, ಒಡೀಬ್ಯಾಡ! ‘ಹುಡುಗಿಯನ್ನು ಕೇಳಿ ಮರುಮಂಡಿಸಿ’ ಅಂತ ಆರ್ಡರ್ ಐತೆ. ಇದು ಹುಡುಗಿ ಉತ್ತರ. ಸೀಲೂ ಬಿದ್ದೈತೆ. ಇನ್ನು ಸಾಹೇಬ್ರೇ ಒಡೀಬೇಕು.”

“ಸಾಹೇಬ್ರು ಯಾವಾಗ ಬರ್ತಾರೆ ಸಾರ್?”

“ಜಗಳೂರಿಗೆ ಹಾಕವ್ರೆ, ಎರವಲು ಸೇವೆ ಮೇಲೆ. ದೀಪಾವಳಿ ಆದ್ಮೇಲೆ ಬರಬೌದು.”

“ಒಳಗಿಂದು ಬ್ಯಾಡ ಸಾರ್. ಕಾಲಿಗೆ ಬೀಳ್ತೀನಿ, ಯಾವ ಊರಿನ ಪೋಸ್ಟಿನಾಗೆ ಹಾಕಿದ್ದು ಅಂತ ಮೇಲುಗಡೆ ಮುದ್ರೆ ಇರ್ತೈತಲ್ಲ, ಅಷ್ಟು ನೋಡ್ಕೊಂತೀನಿ.”

ಹಾಲೇಶಪ್ಪ ಕರುಣೆಯಿಂದ ಕಾಗದವನ್ನು ಅವನ ಮೂಗಿನ ಮುಂದೆ ಹಿಡಿದರು. ಗೋಣೆಪ್ಪ ಕನ್ನಡಕ ಏರಿಸಿ, ಬಗ್ಗಿ, ಕಿಟಕಿಯ ಬೆಳಕಿಗೆ ತಿರುಗಿಸಿ ನೋಡಿದ. ಅಂಚೆ ಮುದ್ರೆ ಇದ್ದಲ್ಲೇ ಇತ್ತು. ಅದರ ಮೇಲೆ ಒಂದು ಕೂದಲೆಳೆಯೂ ಆಚೀಚೆಯಾಗದಂತೆ, ಇಪ್ಪತ್ತೆರಡು ವರ್ಷ ಪಳಗಿದ ಕೈಯ ದುಂಡು ಸೀಲು ಕೂತಿತ್ತು: ‘ಸ್ವೀಕರಿಸಿದೆ.’